ಅಕ್ಸಾ ಲಿಬ್ಬಿಯ ಮಾತು

ಲವೀನಿಯಾ ಥಾರ್ನ್‌ಡೈಕ್ ಬಂದಾಗ ಲೋಯಿಸ್ ಮಾವನಿಗೆ ಹಳೆಯ ಪತ್ರಿಕೆಯೊಂದನ್ನು ಓದಿ ಹೇಳುತ್ತಿದ್ದಳು. ಪಕ್ಕದ ಮನೆಯ ಅಕ್ಸಾ ಲಿಬ್ಬಿ ಕೌದಿ ಹೊಲಿಯಲು ಕಾಗದ ಸಾಲದೆಂದು ಒಯ್ದಿದ್ದ ಪತ್ರಿಕೆಗಳ ಕಟ್ಟು, ದಾರ ಕೂಡ ಬಿಚ್ಚದೆ ಅಂದು ಬೆಳಿಗ್ಗೆ ಹಿಂದಿರುಗಿತ್ತು.

ಮಾವ ಅಬ್ನರ್ ಡನ್ನಿಂಗ್ ನಿವೃತ್ತ ನ್ಯಾಯಾಧೀಶರು. ಕಣ್ಣು ಪೂರ್ತಿ ಮಂಜಾಗಿದ್ದರೂ ಹ್ಯಾಡಕ್ ಕೋವ್ ಎಂಬ ಆ ಕಡಲೂರಿನಲ್ಲಿ ಏನು ಕಳುವಾದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಮಗ ತೀರಿಕೊಂಡ ಮೇಲೆ ಸೊಸೆಯೇ ಅವರಿಗೆ ಕಣ್ಣು. ಲೋಯಿಸ್ ಕಾಲೇಜು ಓದಿದವಳು. ಈಗ ಓದುವುದು, ಬೇಯಿಸುವುದು, ಮಲಗುವುದು ಎಲ್ಲವೂ ಅವಳಿಗೆ ಒಂದೇ ತೂಕದ ಕೆಲಸಗಳಾಗಿದ್ದವು.

ಲವೀನಿಯಾ ಬಾಸ್ಟನ್ನಿನ ಲೇಖಕಿ. ಬೇಸಿಗೆ ಪೂರ್ತಿ ಅಕ್ಸಾಳ ಮನೆಯಲ್ಲಿ ಉಳಿದು, ಕರಾವಳಿಯ ಜನ ಬದುಕುವಂತೆ, ಅವರು ಆಡುವ ಮಾತಿನಲ್ಲೇ ಕತೆ ಬರೆದಿದ್ದಳು. ಅರಮನೆಗಳ ಕತೆ ಯಾರಿಗೂ ಬೇಡವಾಗಿದೆ, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಪುಸ್ತಕ ಮಾಡುತ್ತೇನೆಂದು ಪ್ರಕಾಶಕ ಮಾತು ಕೊಟ್ಟಿದ್ದ. ಬರೆದ ಕತೆಗಳಲ್ಲಿ ಒಂದು, ಎಲ್ಲಕ್ಕಿಂತ ಒಳ್ಳೆಯದು, ಮೇಜಿನಿಂದ ಮಾಯವಾಗಿತ್ತು. ಉಳಿದವು ಇದ್ದಂತೆಯೇ ಇದ್ದವು.

"ಡೆಲ್ಫೀನ್‌ದೇ ಕೆಲಸ. ಒಲೆ ಹಚ್ಚೋಕೆ ತಗೊಂಡಿರ್ತಾಳೆ," ಎಂದಳು. "ಕಾನ್‌ಸ್ಟೇಬಲ್‌ಗೆ ಹೇಳಿ ಕಳಿಸ್ತೀನಿ ಅಂದ್ರೆ ಅಕ್ಸಾ ಬೇಡ ಅಂತಾಳೆ."

ಡೆಲ್ಫೀನ್ ಕ್ವೆಬೆಕ್ ಕಡೆಯಿಂದ ಬಂದ, ಅಕ್ಸಾಳ ಮನೆಗೆಲಸದವಳು. ಕಳ್ಳಿ ಎಂಬ ಹೆಸರು ಬಂದರೆ ಆ ಕರಾವಳಿಯಲ್ಲಿ ಇನ್ನೊಂದು ಮನೆ ಅವಳನ್ನು ಸೇರಿಸುತ್ತಿರಲಿಲ್ಲ.

ಲೋಯಿಸ್ ಮಾವನ ಕೈ ಹಿಡಿದು ಪಕ್ಕದ ಮನೆಗೆ ನಡೆಸಿದಳು. ಡೆಲ್ಫೀನ್ ಬಟ್ಟೆ ಗಂಟು ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಓದು ಬರುತ್ತದೆಯೇ ಎಂದು ಮಾವ ಕೇಳಿದರು. ಬರುವುದಿಲ್ಲ, ಸಂಬಳಕ್ಕೆ ಸಹಿಯ ಬದಲು ಶಿಲುಬೆ ಗುರುತು ಹಾಕುತ್ತೇನೆ ಎಂದಳು. ಅವರು ಒಲೆಯ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಬರಿಯ ಸೌದೆಯ ಬೂದಿ.

ನಡುಮನೆಯಲ್ಲಿ ಅಕ್ಸಾ ತಲೆಯೆತ್ತದೆ ಕೌದಿ ಹೊಲಿಯುತ್ತಿದ್ದಳು. ಬಟ್ಟೆಯ ಒಂದೊಂದು ತುಂಡನ್ನೂ ಕಾಗದದ ಅಚ್ಚಿನ ಮೇಲೆ ಮಡಚಿ ದಾರ ಹಾಕಿ, ಸುತ್ತಲಿನ ತುಂಡುಗಳೊಂದಿಗೆ ಕೂಡಿಸಿದ ಮೇಲೆ ಕಾಗದ ಎಳೆದು ತೆಗೆಯುವುದು ಅಲ್ಲಿಯ ಹೆಂಗಸರ ರೂಢಿ. ಮಾವ ಕೌದಿಯ ತುದಿಯನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿದರು. ಆಮೇಲೆ ಎಲ್ಲರನ್ನೂ ಕೂರಲು ಹೇಳಿದರು, ಡೆಲ್ಫೀನಳನ್ನೂ. ಅವರ ದನಿಯಲ್ಲಿ ಗೆದ್ದವನ ಉತ್ಸಾಹವಿರಲಿಲ್ಲ.

ಒಲೆಗೆ ಬೇಕಾಗಿದ್ದರೆ ಮೇಲಿದ್ದ ಹಾಳೆಗಳು ಹೋಗುತ್ತಿದ್ದವು, ಆರಿಸಿ ಒಂದೇ ಕತೆ ಹೋಗುತ್ತಿರಲಿಲ್ಲ ಎಂದರು. ಆರಿಸಲು ಓದು ಬರಬೇಕು. ಡೆಲ್ಫೀನಳಿಗೆ ಬಾರದು. ಬೂದಿಯಲ್ಲಿ ಕಾಗದವಿಲ್ಲ, ಎಂದರೆ ಹಾಳೆಗಳು ಮನೆಯಲ್ಲೇ ಇವೆ. ಕಾಗದ ಸಾಲದೆಂದು ಪತ್ರಿಕೆ ಒಯ್ದವಳು ಅದನ್ನು ಮುಟ್ಟದೆ ಮರಳಿಸಿದ್ದಾಳೆ. ಆದರೂ ಕೌದಿ ಬೆಳೆಯುತ್ತಿದೆ.

"ಪತ್ರಿಕೆ ಕಾಗದ ಮೆತ್ತಗಿರತ್ತೆ, ಅಕ್ಸಾ. ಇದು ಗರಗರ ಅಂತಿದೆ. ಬಾಸ್ಟನ್ ಕಾಗದ."

ಅಕ್ಸಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಒಳ್ಳೇ ಕಾಗದ, ಜಡ್ಜರೇ. ಸುಡೋಕೆ ಮನಸ್ಸು ಬರಲಿಲ್ಲ."

ಡೆಲ್ಫೀನ್ ಲವೀನಿಯಾಳತ್ತ ತಿರುಗಿದಳು. "ನನ್ನ ಹಾಸಿಗೆ ಕಿತ್ತು ನೋಡಿದ್ರಲ್ಲಮ್ಮ. ಆಮೇಲೆ ಸುಸ್ತಾಯ್ತು ಅಂತ ಕೂತಿದ್ದು ಈ ಕೌದಿ ಮೇಲೇನೇ."

ಕಾರಣ ಎಲ್ಲರ ಮುಂದೆ ಹೇಳಬೇಕಾಗಿಲ್ಲ ಎಂದರು ಮಾವ. ಅಕ್ಸಾ ತಾನೇ ಹೇಳಿದಳು. ತಾಯಿತಂದೆ ಸತ್ತಾಗ ಅವಳು ಪುಟ್ಟ ಹುಡುಗಿ. ಆಗ ಗತಿಯಿಲ್ಲದವರನ್ನು ಊರಸಭೆಯಲ್ಲಿ ಹರಾಜು ಕೂಗುತ್ತಿದ್ದರು. ಊರಿನಿಂದ ಅತಿ ಕಡಿಮೆ ಹಣ ಕೇಳಿದವನಿಗೆ ಸಾಕಲು ಕೊಡುತ್ತಿದ್ದರು. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಗಂಡನಿಗೂ ಹೇಳದಿದ್ದುದನ್ನು ಒಂದು ಸಂಜೆ ಬಟಾಣಿ ಸುಲಿಯುತ್ತಾ ಲವೀನಿಯಾಳಿಗೆ ಹೇಳಿದ್ದಳು. ಮುಂದಿನ ವಾರ ಲವೀನಿಯಾ ಅದನ್ನೇ ಸಂತೋಷದಿಂದ ಅವಳಿಗೆ ಓದಿ ಹೇಳಿದ್ದಳು.

"ಒಂದಕ್ಷರ ಸುಳ್ಳಿಲ್ಲ ಅದರಲ್ಲಿ," ಎಂದಳು ಲವೀನಿಯಾ.

"ಅದೇ, ತಾಯಿ. ನನ್ನ ಮಾತು ನನ್ನ ಥರಾನೇ ಇದೆ. ಈ ಕರಾವಳೀಲಿ ಓದಿದೋರಿಗೆಲ್ಲ ನಾನೇ ಅಂತ ಗೊತ್ತಾಗತ್ತೆ. ಒಂದ್ಸಲ ನನ್ನ ಕೂಗಿ ಕೊಟ್ರು. ಇನ್ನೊಂದ್ಸಲ ಬೇಡ."

ಆಮೇಲೆ ಡೆಲ್ಫೀನಳ ಗಂಟಿನ ಕಡೆ ನೋಡಿ, ನಿನ್ನ ಮೇಲೆ ಅಪವಾದ ಬಂದಾಗಲೇ ಬಾಯಿ ಬಿಡಬೇಕಿತ್ತು, ತಪ್ಪು ನನ್ನದು ಎಂದಳು. ಡೆಲ್ಫೀನ್ ಗಂಟು ಬಿಚ್ಚಲಿಲ್ಲ. ಅದರ ಮೇಲಿಂದ ಕೈ ಮಾತ್ರ ತೆಗೆದಳು.

ಅಕ್ಸಾ ಕತ್ತರಿಯನ್ನು ಕೌದಿಯ ಮೇಲಿಟ್ಟು ಲವೀನಿಯಾಳ ಮುಂದಕ್ಕೆ ತಳ್ಳಿದಳು. "ಎಲ್ಲ ತುಂಡೂ ಇದಾವೆ. ಬಿಚ್ಚಿ ಜೋಡಿಸ್ಕೊಳ್ಳಿ. ಕಾಗದ ನಿಮ್ಮದು."

ಮಾವ ಮುಖವನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು. ಕೌದಿ ಗರಗರ ಎಂದಿತು.

"ಬಿಚ್ತಿದಾಳೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ಲೋಯಿಸ್ ನೋಡಿದಳು. ಕತ್ತರಿ ಇಟ್ಟಲ್ಲೇ ಇತ್ತು. ಲವೀನಿಯಾಳಿಗೆ ಹೊಲಿಗೆ ಸರಿಯಾಗಿ ಬರುತ್ತಿರಲಿಲ್ಲ. ದಾರ ಗಂಟು ಬಿದ್ದಿತ್ತು. ಅಕ್ಸಾ ಕೈಚಾಚಿ ಅದನ್ನು ಬಿಡಿಸಿಕೊಟ್ಟಳು.

"ಇಲ್ಲ ಮಾವ," ಎಂದಳು ಲೋಯಿಸ್. "ಅಂಚು ಕೂಡಿಸಿ ಹೊಲೀತಿದಾಳೆ."