ಮೋಡದ ದಿನದ ಕೊಡೆ

"ಇವಳು ನಮ್ಮಣ್ಣನ ಮಗಳಿಗೆ ವಿಷ ಹಾಕಿದ್ದಾಳೆ, ಡಾಕ್ಟರಮ್ಮ. ನೀವು ಬರೆದುಕೊಡಿ, ನಾನು ಪೊಲೀಸರ ಹತ್ರ ಹೋಗ್ತೀನಿ."

ಬ್ಲಾಸಿಯಾ ಆಸ್ಪತ್ರೆಯ ಮೆಟ್ಟಿಲಲ್ಲೇ ಹೀಗೆಂದಳು. ಒಂದು ಕೈಯಲ್ಲಿ ಹದಿನಾಲ್ಕರ ನಿಲ್ಸಾಳ ತೋಳು, ಇನ್ನೊಂದರಲ್ಲಿ ಹುಡುಗಿಯ ತಲೆಗೆ ಹಿಡಿದ ಕೊಡೆ. ಬೆಳಗಿನಿಂದ ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ಹಿಂದೆ ಹುಡುಗಿಯ ತಂದೆ ಎವರಿಸ್ತೊ. ಕೊನೆಗೆ ಅವನ ಎರಡನೆಯ ಹೆಂಡತಿ ಇದಾಲಿನಾ, ಮುಖದಲ್ಲಿ ರಕ್ತವೇ ಇಲ್ಲದಂತೆ. ಮದುವೆಯಾಗಿ ಐದು ತಿಂಗಳು. ಗಂಡ ಒಮ್ಮೆ ಹೋಗು ಎಂದರೆ ಅವಳಿಗೆ ಹೋಗಲು ಮನೆಯಿರಲಿಲ್ಲ.

ಮೂರು ದಿನದಿಂದ ಹುಡುಗಿಗೆ ಎದೆನೋವು. ಇದಾಲಿನಾ ಸೊಪ್ಪು ಜಜ್ಜಿ ಹಾಕುವ ತೆರೆರೆ ಎಂಬ ತಣ್ಣನೆಯ ಪಾನೀಯ ಕುಡಿದ ಮೇಲೇ ಶುರುವಾಯಿತೆಂದು ಬ್ಲಾಸಿಯಾಳ ವಾದ.

ಹನ್ನೊಂದು ವರ್ಷದಿಂದ ನಾನು ಡಾಕ್ಟರ್ ನಾರ್ಸಿಸಾರ ನರ್ಸು. ಪರಾಗ್ವೆಯ ಈ ಊರಲ್ಲಿ ಕಳವಾದರೂ ಜನ ಮೊದಲು ಬರುವುದು ಅವರ ಬಳಿಗೇ. ಓಡಿದಾಗ ನೋಯುತ್ತದೆಯೇ, ತಲೆ ತಿರುಗಿ ಬಿದ್ದಿದ್ದಳೇ, ಮನೆತನದಲ್ಲಿ ಎಳೆಯರು ಯಾರಾದರೂ ದಿಢೀರನೆ ಸತ್ತಿದ್ದರೇ ಎಂದು ಅವರು ವಿಚಾರಿಸಿದರು. ಇಲ್ಲ. ಪಕ್ಕೆಲುಬು ಒತ್ತಿದರೆ ನೋವಿಲ್ಲ. ಉಸಿರು, ಇಸಿಜಿ ಎರಡೂ ಸರಿಯಿದ್ದವು. ನಾನು ನೀರು ಕೊಟ್ಟೆ. ಮೊದಲ ಗುಟುಕಿಗೇ ಹುಡುಗಿ ಎದೆಯ ನಡುವೆ ಬೆರಳಿಟ್ಟು ಮುಖ ಕಿವಿಚಿದಳು.

"ನಾನು ಸಾಯ್ತೀನಾ?"

ಅವಳ ಮೂಗು, ಮುಂಗೈ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಹತ್ತಿಹೊಲದಲ್ಲಿ ಬೆಳೆದ ಮಗು ಅದು. ಡಾಕ್ಟರ್ ಆ ಕೈಯನ್ನು ಬಹಳ ಹೊತ್ತು ನೋಡಿ, ಎಲ್ಲರನ್ನೂ ಒಳಗೆ ಕರೆದರು.

"ತೆರೆರೆ ಮೊದಲು ಯಾರು ಕುಡೀತಾರೆ?"

"ಹಾಕಿಕೊಡೋಳು. ಇವಳೇ," ಎಂದ ಎವರಿಸ್ತೊ.

"ಆಮೇಲೆ ಅದೇ ಲೋಟ, ಅದೇ ಹೀರುಗೊಳವೆ ನಿಮಗೆಲ್ಲ. ನೋವು ಮಾತ್ರ ಒಬ್ಬಳಿಗೆ."

ನುಂಗುವಾಗ ನೋಯುವುದರಿಂದ ಗಾಯ ಹೃದಯದಲ್ಲಲ್ಲ, ಅನ್ನನಾಳದಲ್ಲಿ ಎಂದು ಅವರು ವಿವರಿಸಿದರು. ಮೊಡವೆಗೆ ಕೊಡುವ ಒಂದು ಕ್ಯಾಪ್ಸೂಲ್ ತಿಂದರೆ ಚರ್ಮ ಬಿಸಿಲು ತಡೆಯುವುದಿಲ್ಲ. ಅದನ್ನೇ ನೀರಿಲ್ಲದೆ ನುಂಗಿ ಮಲಗಿದರೆ ನಾಳದಲ್ಲಿ ಅಂಟಿಕೊಂಡು ಸುಡುತ್ತದೆ.

"ಬಿಸಿಲು ತಾಗಬಾರದು ಅಂತ ಮಾರಿದವನು ಹೇಳಿರ್ತಾನೆ. ಅದಕ್ಕೇ ಮೋಡ ಇದ್ರೂ ಕೊಡೆ. ಅಲ್ವಾ, ಬ್ಲಾಸಿಯಾ?"

ಬ್ಲಾಸಿಯಾ ಒಪ್ಪಿಕೊಂಡಳು. ಮುಂದಿನ ತಿಂಗಳು ಹದಿನೈದು ತುಂಬುವ ದೊಡ್ಡ ಹುಟ್ಟುಹಬ್ಬಕ್ಕೆ ಹುಡುಗಿಯ ಮುಖದ ಮೊಡವೆ ಹೋಗಲೆಂದು ಆ ಕ್ಯಾಪ್ಸೂಲ್ ಸಂತೆಯಲ್ಲಿ ಕೊಂಡಿದ್ದಳಂತೆ. ಯಾರಿಗೂ ಹೇಳಬೇಡವೆಂದು ಅತ್ತೆ ಅಂದದ್ದಕ್ಕೆ ನಿಲ್ಸಾ, ಮಧ್ಯಾಹ್ನ ಎಲ್ಲರೂ ಮಲಗಿದಾಗ, ನೀರಿಗೂ ಏಳದೆ ನುಂಗುತ್ತಿದ್ದಳು.

"ನೋವು ಬಂದಾಗ ನಿನಗೆ ಕಾರಣ ಗೊತ್ತಾಯ್ತು," ಎಂದರು ಡಾಕ್ಟರ್ ಬ್ಲಾಸಿಯಾಳಿಗೆ.

"ನಾನೇ ಕೊಂದೆ ಅಂತ ಭಯ ಆಯ್ತು. ಬಾಯಿಗೆ ಇವಳ ಹೆಸರು ಬಂತು."

ಕ್ಯಾಪ್ಸೂಲ್ ನಿಲ್ಲಿಸಿದರೆ ವಾರ ಹತ್ತು ದಿನದಲ್ಲಿ ಮಾಯುತ್ತದೆಂದು ಡಾಕ್ಟರ್ ಔಷಧ ಬರೆದರು. ಎವರಿಸ್ತೊ ಹೆಂಡತಿಗೆ ಮನೆಗೆ ನಡಿ ಎಂದ. ಅವಳು ಏಳಲಿಲ್ಲ.

"ನೀನೂ ನಂಬಿದ್ಯಾ?"

ಅವನು ನೆಲ ನೋಡಿದ.

"ಇವತ್ತು ಬರ್ತೀನಿ, ಮಗುಗೆ ಗಂಜಿ ಮಾಡ್ಬೇಕು. ನಾಳೆಯದ್ದು ನಾಳೆ ಹೇಳ್ತೀನಿ."

ಅವಳು ನಿಲ್ಸಾಳ ಕೈಹಿಡಿದು ಹೊರಟಳು. ಎವರಿಸ್ತೊ ಅವಳ ಬೆನ್ನನ್ನೇ ನೋಡುತ್ತ ನಿಂತ. ಆ ಕೋಣೆಯಲ್ಲಿ ಈಗ ಹೆದರಿದ್ದವನು ಅವನು.