ಹುಡುಗಿಯರಿಗೆ ಹತ್ತು ಸೀಟು

“ಹುಡುಗೀರಿಗೆ ಮಾತ್ರ ಹತ್ತು ಸೀಟು ಅಂದ್ರೆ ಚೀಟಿಂಗ್ ಕಣೇ ಅಕ್ಕಾ!”

ಸಂದೀಪ ರೈಲಿನಲ್ಲಿ ಜೋರಾಗಿಯೇ ಹೇಳಿದ. ಎದುರಿಗೆ ತೂಕಡಿಸುತ್ತಿದ್ದ ಜಪಾನಿ ಅಜ್ಜಿ ಬೆಚ್ಚಿ ಕಣ್ಣು ಬಿಟ್ಟರು.

“ಮೆಲ್ಲಗೆ ಮಾತಾಡೋ! ಅದಕ್ಕೂ ಎಕ್ಸಾಂ ಇದೆ, ಇಂಟರ್‌ವ್ಯೂ ಇದೆ. ಸುಮ್ನೆ ಕೊಡಲ್ಲ,” ಅಂದಳು ಅಹಲ್ಯಾ.

“ಆದ್ರೆ ಹುಡುಗ್ರು ಆ ಎಕ್ಸಾಂ ಬರೆಯೋ ಹಾಗೇ ಇಲ್ವಲ್ಲ! ನಮ್ಮ ಕ್ಲಾಸಿನ ಕೆಂತಾ ಇದಾನಲ್ಲ, ಅವರಣ್ಣನೂ ಇದೇ ಯೂನಿವರ್ಸಿಟಿ ಸೇರೋಕೆ ಓದ್ತಿದಾನೆ. ಪಾಪ, ಗೇಮ್ಸ್ ಕೂಡ ಆಡಲ್ಲ.”

ಅಹಲ್ಯಾ ಕಿಟಕಿಯ ಕಡೆ ತಿರುಗಿದಳು. ಅವಳಿಗೆ ಕಾರಿನ ಎಂಜಿನ್ ಎಂದರೆ ಪ್ರಾಣ. ಹಿರೋಷಿಮಾದ ಅವರ ಮನೆಯಿಂದ ಒಂದೂವರೆ ಗಂಟೆ ದೂರದಲ್ಲಿ ಒಂದು ಸರ್ಕಾರಿ ಯೂನಿವರ್ಸಿಟಿ ಇತ್ತು. ಅಲ್ಲೇ ಎಂಜಿನಿಯರಿಂಗ್ ಓದಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಳು. ಇವತ್ತು ಮಕ್ಕಳು ಬಂದು ಯೂನಿವರ್ಸಿಟಿ ನೋಡುವ ದಿನ. ಈ ವರ್ಷ ಅಲ್ಲಿ ಹೊಸದಾಗಿ ಶುರುವಾದ ಹುಡುಗಿಯರ ಹತ್ತು ಸೀಟಿಗೆ ಅರ್ಜಿ ಕೊಡಲೂ ಇವತ್ತೇ ಕೊನೆ.

“ಸರಿ ಬಿಡು,” ಅಂದಳು. “ನಾನು ಅರ್ಜಿ ಹಾಕಲ್ಲ. ಸೀಟು ಸಿಕ್ಕಿದ್ರೂ ಎಲ್ಲರೂ ನಿನ್ನ ಹಾಗೇ ಅಂತಾರೆ.”

ಸಂದೀಪ ಗೆದ್ದಿದ್ದ. ಆದರೆ ಗೆದ್ದ ಖುಷಿ ಯಾಕೋ ಬರಲಿಲ್ಲ.

ಎಂಜಿನಿಯರಿಂಗ್ ಕಟ್ಟಡದ ಒಂದನೇ ಮಹಡಿಯಲ್ಲಿ ಒಂದು ಎಂಜಿನನ್ನು ಪೂರ್ತಿ ಬಿಚ್ಚಿಟ್ಟಿದ್ದರು. ಮೋರಿ ಸಾನ್ ಎಂಬ ವಿದ್ಯಾರ್ಥಿನಿ ಒಂದೊಂದೇ ಭಾಗ ತೋರಿಸುತ್ತಿದ್ದಳು.

“ನಮ್ಮ ಕ್ಲಾಸಿನಲ್ಲಿ ಎಂಬತ್ತು ಜನ. ಹುಡುಗಿಯರು ಆರು,” ಎಂದಳು ನಗುತ್ತಾ.

ಅಷ್ಟರಲ್ಲಿ ಅಹಲ್ಯಾ ತಮ್ಮನ ತೋಳು ಹಿಡಿದೆಳೆದಳು. “ಲೋ, ಬಾರೋ. ಟಾಯ್ಲೆಟ್. ಅರ್ಜೆಂಟ್!”

“ಅಮ್ಮ ಕೊಟ್ಟ ಮಜ್ಜಿಗೆ ಎರಡು ಬಾಟ್ಲೂ ನೀನೇ ಕುಡಿದ್ಯಲ್ಲ!”

ಮೂಲೆಯಲ್ಲಿ ಟಾಯ್ಲೆಟ್ ಇತ್ತು. ಬೋರ್ಡಿನ ಮೇಲೆ ನೀಲಿ ಗಂಡಸಿನ ಚಿತ್ರ. ಎರಡನೇ ಮಹಡಿಗೆ ಓಡಿದರು. ನೀಲಿ ಗಂಡಸು. ಮೂರನೇ ಮಹಡಿ. ಅಲ್ಲೂ ಅವನೇ!

ನಾಲ್ಕನೆಯದರಲ್ಲಿ ಕೊನೆಗೂ ಕೆಂಪು ಹೆಂಗಸು ಕಂಡಳು. ಆದರೆ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ‘ರಿಪೇರಿ ನಡೆಯುತ್ತಿದೆ. ಪಕ್ಕದ ಕಟ್ಟಡಕ್ಕೆ ಹೋಗಿ.’ ಕಾಗದದ ಕೆಳಗಿನ ಚಿತ್ರದಲ್ಲಿ ಹೆಲ್ಮೆಟ್ ಹಾಕಿದ ಬೊಂಬೆಯೊಂದು ಸೊಂಟ ಬಗ್ಗಿಸಿ ಕ್ಷಮೆ ಕೇಳುತ್ತಿತ್ತು.

“ಇದು ಬಗ್ಗಿ ನಿಂತ್ರೆ ನನಗೇನಾಗ್ಬೇಕು!” ಅಹಲ್ಯಾ ಅಳುವುದೊಂದು ಬಾಕಿ. “ಪಕ್ಕದ ಕಟ್ಟಡದ ತನಕ ನನ್ ಕೈಲಾಗಲ್ಲ ಕಣೋ.”

ಸಂದೀಪ ಎದುರಿಗಿದ್ದ ಗಂಡಸರ ಟಾಯ್ಲೆಟ್ಟಿನೊಳಗೆ ಇಣುಕಿದ. ಯಾರೂ ಇರಲಿಲ್ಲ. “ಇದಕ್ಕೇ ಹೋಗು. ನಾನು ಬಾಗಿಲು ಕಾಯ್ತೀನಿ.”

ಅವಳು ಒಳಗೆ ಹೋದದ್ದೇ ತಡ, ಬಿಳಿ ಕೂದಲಿನ ಮೇಷ್ಟ್ರೊಬ್ಬರು ಬಿರಬಿರನೆ ಬಂದರು. ಸಂದೀಪ ಎರಡೂ ಕೈ ಚಾಚಿ ಅಡ್ಡ ನಿಂತ.

“ಸುಮಿಮಾಸೆನ್, ಕ್ಷಮಿಸಿ! ಒಳಗೆ ನಮ್ಮಕ್ಕ ಇದ್ದಾಳೆ.”

ಮೇಷ್ಟ್ರು ಬೋರ್ಡು ನೋಡಿದರು. ಹುಡುಗನನ್ನು ನೋಡಿದರು. “ಇದು ಗಂಡಸರದ್ದಲ್ಲವೇ?”

“ಹೌದು ಸೆನ್ಸೇ. ಎಲ್ಲ ಮಹಡಿಯಲ್ಲೂ ಗಂಡಸರದ್ದೇ ಇದೆ. ಹೆಂಗಸರದ್ದು ಇರೋದು ಒಂದೇ, ಅದೂ ರಿಪೇರಿ.”

“ಓ... ಈ ಕಟ್ಟಡ ಕಟ್ಟಿದಾಗ ಇಲ್ಲಿ ಓದುವ ಹುಡುಗಿಯರೇ ಇರಲಿಲ್ಲ,” ಎಂದರು ಮೇಷ್ಟ್ರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. “ಇನ್ನೂ ತುಂಬಾ ಹೊತ್ತಾಗುತ್ತದಾ?”

“ನೀವು ಮೂರನೇ ಮಹಡಿಗೆ ಹೋಗಿ,” ಅಂದ ಸಂದೀಪ. “ಅಲ್ಲೂ ನಿಮ್ಮದೇ ಇದೆ.”

ಮೇಷ್ಟ್ರು ಅವನಿಗೊಮ್ಮೆ ತಲೆಬಾಗಿ, ಮೆಟ್ಟಿಲು ಇಳಿದು ಓಡಿದರು.

ಅಹಲ್ಯಾ ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದಳು. “ಅಮ್ಮಂಗೆ ಹೇಳಿದ್ರೆ ನೋಡು!”

ಸಂದೀಪ ಯಾವಾಗಿನಂತೆ ಕೀಟಲೆ ಮಾಡಲಿಲ್ಲ. ಏನೋ ಯೋಚಿಸುತ್ತಾ ಮೆಟ್ಟಿಲು ಇಳಿದ.

“ಅಕ್ಕಾ, ಆ ಆರು ಜನ ಹುಡುಗೀರೂ ದಿನಾ ಹೀಗೇ ಓಡ್ತಾರಾ?”

“ಓಡಲೇಬೇಕಲ್ಲ.”

ಕೆಳಗೆ ಬಾಗಿಲ ಬಳಿ ಮೇಜಿನ ಮೇಲೆ ಅರ್ಜಿಗಳಿದ್ದವು. ಅಹಲ್ಯಾ ಆ ಕಡೆ ನೋಡದೆ ಮುಂದೆ ಹೋದಳು. ಸಂದೀಪ ಹಿಂದೆಯೇ ನಿಂತ. ಒಂದು ಅರ್ಜಿ ತೆಗೆದುಕೊಂಡು ಓಡಿ ಬಂದು ಅವಳ ಮುಂದೆ ಹಿಡಿದ.

“ಇದೇನೋ?”

“ನೀನು ಬಂದ್ರೆ ಏಳು ಜನ ಆಗ್ತಾರೆ,” ಅಂದ.

ಅಹಲ್ಯಾ ಅವನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದ ಬೆಂಚಿನ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದಳು.