ಅಂಗಾತ ಮಲಗಿಸಿದ ತೊರಕೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮೀನಿನ ಡಾಕ್ಟರಾದ ನನ್ನಣ್ಣ ಅಕ್ವೇರಿಯಂನ ಚಪ್ಪಟೆ ತೊರಕೆ ಮೀನನ್ನು ಅಂಗಾತ ಮಗುಚಿ, ಅರಿವಳಿಕೆ ಕೊಡದೆಯೇ ಕಿವಿರಿನ ಚೂರು ಕತ್ತರಿಸಿದ. ಮೈಕ್ರೋಸ್ಕೋಪಿನಡಿ ಆ ಚೂರಿಗೆ ಕೊಕ್ಕೆಯೂರಿದ ಹುಳುಗಳು ಮಿಸುಕಾಡುತ್ತಿದ್ದವು. ಮೀನು ಮಾತ್ರ ಮಿಸುಕಲಿಲ್ಲ.

"ಮಗುಚಿದ್ರೆ ಸಾಕು, ಇವಕ್ಕೆ ಏನೂ ಗೊತ್ತಾಗಲ್ಲ ಕಣೋ," ಎಂದು ನಕ್ಕ.

ಔಷಧಿ ಬೆರೆಸಿದ ನೀರಿಗೆ ಮೀನನ್ನು ಇಳಿಸಿದಾಗ ಹುಳುಗಳೂ ಉದುರಿದವು, ಮೀನೂ ಸತ್ತಿತು.

ಊಟವಾದ ಮೇಲೆ ಬೆಂಚಿನ ಮೇಲೆ ಅಂಗಾತ ಮಲಗಿದ ಅಣ್ಣ ಏಳಲಿಲ್ಲ. ಕಣ್ಣು ತೆರೆದೇ ಇತ್ತು, ಮೈ ತೊಟ್ಟಿಯ ನೀರಿನಷ್ಟು ತಣ್ಣಗಿತ್ತು. ಕೂಗಿದೆ, ಚಿವುಟಿದೆ, ಸೂಜಿಯನ್ನೂ ಚುಚ್ಚಿದೆ. ಬೋರಲು ಹಾಕಿದೊಡನೆ ಬಿಕ್ಕಿದ: "ಎಲ್ಲಾ ಗೊತ್ತಾಗತ್ತೆ ಕಣೋ!"

ಈಗ ಅತ್ತಿಗೆ ಅವನನ್ನು ಬೋರಲಾಗಿಯೇ ಮಲಗಿಸಿ, ಬಾಗಿಲಿಗೆ ಚಿಲಕ ಹಾಕುತ್ತಾರೆ. ಬೆಳಗಾದರೆ ಅಣ್ಣ ಅಂಗಾತ ಬಿದ್ದಿರುತ್ತಾನೆ. ಕತ್ತಿನ ಬದಿಯಲ್ಲಿ ಯಾರೋ ಇನ್ನೊಂದು ಚೂರು ಕತ್ತರಿಸಿಕೊಂಡು ಹೋಗಿರುತ್ತಾರೆ.